ಅತ್ತಿಗೆಯ ಬಾಕಿ ಉಳಿದ ಲೆವೆಲ್ಲುಗಳು

ನನಗೆ ಐವತ್ತು ದಾಟಿದೆ. ಪುತ್ತೂರಿನ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ರಜೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಕತ್ತಿ ಹಿಡಿದು ರಾಕ್ಷಸರ ಜೊತೆ ಹೊಡೆದಾಡುತ್ತೇನೆ. ಇದನ್ನು ಹೇಳಿದರೆ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಗುತ್ತಾರೆ. ನಗಲಿ. ಅವರು ವರ್ಷಗಟ್ಟಲೆ ಧಾರಾವಾಹಿಯಲ್ಲಿ ಅತ್ತೆ ಸೊಸೆಯ ಹಾಲಿಗೆ ವಿಷ ಹಾಕುವುದನ್ನು ನೋಡುತ್ತಾರಲ್ಲ, ನಾನೇನಾದರೂ ಅಂದಿದ್ದೇನೆಯೇ?

ಈ ಚಟ ಹತ್ತಿದ್ದು ಶಾಲೆಗಳಿಗೆ ಬೀಗ ಬಿದ್ದ ಕಾಲದಲ್ಲಿ. ಮನೆಯಲ್ಲಿ ಕೂತು ಕೂತು ನಾನು ಎಲ್ಲರ ಮೇಲೂ ಹಾರಿ ಬೀಳುತ್ತಿದ್ದೆ. ಅದನ್ನು ತಾಳಲಾರದೆ ಮಗಳು ಒಂದು ಆಟ ಹಾಕಿಕೊಟ್ಟು, "ಅಮ್ಮಾ, ಬೈಯುದಾದ್ರೆ ಇದರೊಳಗೆ ಇರುವವರಿಗೆ ಬೈ" ಎಂದಳು. ಆಟ ಮೂಲದಲ್ಲಿ ಕಂಪ್ಯೂಟರಿನದ್ದಲ್ಲ. ನಾಲ್ಕಾರು ಜನ ಮೇಜಿನ ಸುತ್ತ ಕೂತು, ಕಾಗದ, ಪೆನ್ಸಿಲು, ಇಪ್ಪತ್ತು ಮುಖದ ಒಂದು ದಾಳ ಇಟ್ಟುಕೊಂಡು ಆಡುವಂಥದ್ದು. ಒಬ್ಬರು ಕತೆ ಹೇಳುತ್ತಾರೆ, ಉಳಿದವರು ಕತೆಯೊಳಗಿನ ಒಬ್ಬೊಬ್ಬರಾಗಿ "ನಾನು ಈಗ ಹೀಗೆ ಮಾಡ್ತೇನೆ" ಎನ್ನುತ್ತಾರೆ. ಅದು ಆಗುತ್ತದೋ ಇಲ್ಲವೋ ದಾಳ ಹೇಳುತ್ತದೆ. ಕಂಪ್ಯೂಟರಿನಲ್ಲಿ ಕತೆ ಹೇಳುವುದೂ ದಾಳ ಉರುಳಿಸುವುದೂ ಅದರದೇ ಕೆಲಸ. ನಮ್ಮ ಪಾತ್ರಕ್ಕೆ ಅನುಭವ ಸೇರುತ್ತಾ ಹೋದ ಹಾಗೆ ಲೆವೆಲ್ ಏರುತ್ತದೆ. ಪ್ರತಿ ಸಲ ಏರುವಾಗಲೂ ಆಟ ನಮ್ಮನ್ನು ಕೇಳುತ್ತದೆ: ನಿನಗೆ ಏನು ಬೇಕು? ತೋಳಿಗೆ ಬಲವೋ, ಮಾತಿಗೆ ಬಲವೋ, ಬೀಗ ತೆಗೆಯುವ ಕೈಚಳಕವೋ, ಒಂದು ಹೊಸ ಮಂತ್ರವೋ? ನಾವೇ ಆರಿಸಬೇಕು. ನನಗೆ ಆ ಆಟದಲ್ಲಿ ತುಂಬಾ ಹಿಡಿಸಿದ್ದು ಈ ಪ್ರಶ್ನೆಯೇ.

ಇನ್ನು ಅತ್ತಿಗೆ. ನನ್ನ ಗಂಡನಿಗೂ ಗುಂಡ್ಯದಲ್ಲಿ ಹೋಟೆಲು ನಡೆಸುವ ನನ್ನ ಭಾವನಿಗೂ ಅವರು ಅಕ್ಕ. ತಾಯಿ ಬೇಗ ಹೋದ ಮೇಲೆ ತಮ್ಮಂದಿರಿಬ್ಬರನ್ನೂ ಸಾಕಿದವರು. ಮದುವೆ ಆಗಲಿಲ್ಲ. ಯಾಕೆ ಎಂದು ಯಾರೂ ಹೇಳಲಿಲ್ಲ, ಅವರೂ ಹೇಳಲಿಲ್ಲ. ಸುಳ್ಯದ ಹತ್ತಿರ ಆಲೆಟ್ಟಿಯಲ್ಲಿ ಅಂಗನವಾಡಿ ಟೀಚರಾಗಿದ್ದು, ಒಂದು ಸಣ್ಣ ಬಾಡಿಗೆ ಮನೆಯಲ್ಲಿ ಇದ್ದವರು. ಕಳೆದ ಮಾರ್ಚಿನಲ್ಲಿ ನಿವೃತ್ತಿಯಾಯಿತು. ಮಾರನೇ ವಾರವೇ ನನ್ನ ಗಂಡ ಹೋಗಿ ಒಂದು ಚೀಲದ ಜೊತೆ ಅವರನ್ನು ಪುತ್ತೂರಿಗೆ ಕರೆದುಕೊಂಡು ಬಂದರು.

ಅಲ್ಲಿಂದ ಶುರುವಾಯಿತು ಎಳೆದಾಟ. ಗುಂಡ್ಯದಿಂದ ಭಾವನ ಫೋನು: "ಅಕ್ಕ ಇಲ್ಲಿಗೆ ಬರ್ಲಿ. ಘಾಟಿ ಹತ್ತುವ ಬಸ್ಸಿನವರೆಲ್ಲ ಒಟ್ಟಿಗೆ ಇಳಿದರೆ ಕ್ಯಾಶಿನಲ್ಲಿ ಕೂರ್ಲಿಕ್ಕೆ ನಂಬಿಕೆಯ ಜನ ಇಲ್ಲ ಮಾರಾಯ." ನನ್ನ ಗಂಡನದು: "ಎಂತಕ್ಕೆ? ಮೇಲಿನ ರೂಮಿಗೆ ಬಣ್ಣ ಕೊಡಿಸಿ ಆಗಿದೆ. ಅಕ್ಕ ಇಲ್ಲಿಯೇ ಇರುದು." ಅಣ್ಣ ತಮ್ಮ ಸುಳ್ಯದ ಕಡೆಯ ತಮ್ಮ ಮನೆಮಾತು ಅರೆಭಾಷೆಯಲ್ಲಿ ಜಗಳಾಡುತ್ತಿದ್ದರು. ನಾನು ಪುತ್ತೂರಿನವಳು, ತುಳು ಮನೆಯಲ್ಲಿ ಬೆಳೆದವಳು, ಹಾಗಾಗಿ ಅವರ ಮಾತನ್ನು ನನಗೆ ಬರುವ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಇಬ್ಬರಿಗೂ ಅಕ್ಕನ ಮೇಲೆ ಪ್ರಾಣ, ಅದರಲ್ಲಿ ಸುಳ್ಳಿಲ್ಲ. ಅಕ್ಕನ ಕೈಯ ಕೋಳಿ ಸಾರಿನ ಮೇಲೂ ಪ್ರಾಣ. ಆದರೆ ಇನ್ನು ಉಳಿದ ಕಾಲ ಆ ಹೆಂಗಸು ಎಲ್ಲಿ, ಹೇಗೆ ಇರಬೇಕು ಎಂಬ ಪ್ರಶ್ನೆಗೆ ಅತ್ತಿಗೆಯ ಬಾಯಿಂದ ಬರುತ್ತಿದ್ದ ಉತ್ತರ ಒಂದೇ: "ನನಗೆ ಎಲ್ಲಿಯಾದ್ರೂ ಆಗ್ತದೆ. ನಿಮಗೆ ಹೇಗೆ ಅನುಕೂಲವೋ ಹಾಗೆ."

ಇದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ಚಾ ಬೇಕಾ ಕಾಫಿ ಬೇಕಾ ಎಂದರೆ "ಯಾವುದಾದ್ರೂ ಆಗ್ತದೆ." ಫ್ಯಾನ್ ಹಾಕಲೇ ಎಂದರೆ "ನಿನ್ನ ಇಷ್ಟ." ಒಂದು ದಿನ ಅಂಗಡಿಯಲ್ಲಿ ಸೀರೆ ಆರಿಸಲು ಹೇಳಿದರೆ ಅಂಗಡಿಯವನನ್ನೇ ಕೇಳಿದರು, "ನಿಮಗೆ ಯಾವುದು ಚಂದ ಕಾಣ್ತದೆ?" ಅವನು ಪಾಪ ಯಾರೂ ಕೊಳ್ಳದೆ ಉಳಿದಿದ್ದ ಸೀರೆಯನ್ನು ತೋರಿಸಿದ. ಅದನ್ನೇ ತಂದರು!

ಏಪ್ರಿಲಿನ ಬೇಸಗೆ ರಜೆ. ನಾನು ಮಧ್ಯಾಹ್ನ ಆಟಕ್ಕೆ ಕೂತರೆ ಅತ್ತಿಗೆ ಹಲಸಿನ ಬೀಜ ಸುಲಿಯುತ್ತಾ ಪಕ್ಕದಲ್ಲಿ ಕೂರುತ್ತಿದ್ದರು. ನೋಡಿ ನೋಡಿ ಒಂದು ದಿನ, "ಇದು ಕಷ್ಟ ಉಂಟಾ?" ಎಂದರು. ನಾನು ಎದ್ದು ಅವರನ್ನೇ ಕುರ್ಚಿಯಲ್ಲಿ ಕೂರಿಸಿದೆ. ಹೊಸ ಆಟ ತೆರೆದೆ. ಆಟ ಕೇಳಿತು: ನೀನು ಯಾರು? ಯೋಧೆಯೋ, ಕಳ್ಳಿಯೋ, ಮಂತ್ರವಾದಿಯೋ? ಅತ್ತಿಗೆ ನನ್ನ ಮುಖ ನೋಡಿದರು.

"ನನ್ನನ್ನು ನೋಡ್ಬೇಡಿ. ನಿಮ್ಮನ್ನು ಕೇಳಿದ್ದು."

ಅವರು ಎದ್ದು ಹೋಗಿ ನನ್ನ ಗಂಡನನ್ನು ಕೇಳಿ ಬಂದರು. ಸಂಜೆ ಫೋನು ಮಾಡಿ ಭಾವನನ್ನೂ ಕೇಳಿದರು. ಇಬ್ಬರೂ ಬೇರೆ ಬೇರೆ ಹೇಳಿದ್ದರಿಂದ ಯಾರ ಮನಸ್ಸೂ ನೋಯಬಾರದೆಂದು ಕೊನೆಗೆ ಕಂಪ್ಯೂಟರು ತಾನಾಗಿ ಕೊಟ್ಟಿದ್ದ ಪಾತ್ರವನ್ನೇ ಇಟ್ಟುಕೊಂಡರು: ಕೊಡಲಿ ಹಿಡಿದ ಒಬ್ಬ ಗಟ್ಟಿ ಹೆಂಗಸು. ಹೆಸರಿನ ಜಾಗದಲ್ಲಿ ಟೀಚರ್ ಎಂದು ಬರೆದರು.

ಟೀಚರ್ ಕೊಡಲಿ ಹಿಡಿದು ಕತೆಯೊಳಗೆ ಕಾಲಿಟ್ಟರೆ ಮೊದಲು ಸಿಕ್ಕಿದ್ದೇ ಒಂದು ಬಾವಿ, ಬಾವಿಯ ಸುತ್ತ ಹಾವುಗಳು. ಅಲ್ಲಿ ಹಾವು ಹೊಡೆದರೆ ಒಳ್ಳೆಯ ಅನುಭವ ಸಿಗುತ್ತದೆ, ಬೇಗ ಲೆವೆಲ್ ಏರಬಹುದು. ಎಲ್ಲರೂ ಹಾಗೇ ಮಾಡುವುದು. ಅತ್ತಿಗೆ ಮೌಸಿನಿಂದ ಕೈ ತೆಗೆದು ಪರದೆಗೆ ಕೈ ಮುಗಿದರು.

"ಹೊಡೀರಿ ಅತ್ತಿಗೆ!"

"ನಾಗನನ್ನಾ? ನಿನಗೆ ಮಂಡೆ ಸಮ ಉಂಟಾ? ಮತ್ತೆ ಪರಿಹಾರಕ್ಕೆ ತಂಬಿಲದ ಪೂಜೆ ಯಾರು ಮಾಡಿಸುದು, ಈ ಕಂಪ್ಯೂಟರಾ?"

"ಅದು ಬರೀ ಚಿತ್ರ ಮಾರಾಯ್ರೆ!"

"ನಾಗನಕಟ್ಟೆಯಲ್ಲಿ ಇರುದೂ ಕಲ್ಲೇ ಅಲ್ವಾ? ಅದಕ್ಕೆ ಹಾಲು ಹಾಕುದಿಲ್ವಾ ನಾವು?"

ಟೀಚರ್ ಬಾವಿಗೆ ಸುತ್ತು ಹಾಕಿ ಮುಳ್ಳುಪೊದೆಯ ದಾರಿಯಲ್ಲಿ ಹೋದರು. ಆಟವೂ ಬೇಡ ಅನ್ನಲಿಲ್ಲ, ಅದರಲ್ಲಿ ಆ ದಾರಿಯೂ ಇತ್ತು. ನಾನು ಅಷ್ಟು ವರ್ಷ ಆಡಿಯೂ ಆ ಕಡೆ ಹೋದವಳಲ್ಲ. ಅಲ್ಲಿ ಒಂದು ಮುದುಕಿಯ ಮನೆ, ಮನೆಯೊಳಗೆ ಒಂದು ಪೆಟ್ಟಿಗೆ. ಆಟ ಬಲ್ಲವರು ಮನೆ ಕಂಡರೆ ಮೊದಲು ಪೆಟ್ಟಿಗೆ ಒಡೆಯುವುದು. ಅತ್ತಿಗೆ ಹೊರಗೇ ನಿಂತರು. "ಕರೆಯದೆ ಒಳಗೆ ಹೋಗುದು ಎಂತದು? ಅವರ ಪೆಟ್ಟಿಗೆ ನಮಗೆ ಯಾಕೆ?" ಆ ಮುದುಕಿ ತಾನಾಗಿ ಹೊರಗೆ ಬಂದು ನಾಲ್ಕು ಮಾತಾಡಿ ಮದ್ದಿನ ಕುಪ್ಪಿ ಕೊಟ್ಟಳು. ಅತ್ತಿಗೆ ನನ್ನ ಕಡೆ ತಿರುಗಿ, "ನೋಡು, ಮನೆಗೆ ಬಂದವರಿಗೆ ಕೊಡುವ ಬೆಲ್ಲ ನೀರೂ ಕೊಡ್ತಾಳೋ ಏನೋ" ಎಂದು ನಕ್ಕರು.

ಇನ್ನೊಂದು ವಿಷಯದಲ್ಲಿ ನಮಗೆ ಜೋರು ಜಗಳವೇ ಆಯಿತು. ಈ ಆಟದಲ್ಲಿ ಯಾರೊಡನಾದರೂ ಮಾತಾಡುವಾಗ ನಾಲ್ಕು ಉತ್ತರ ಕಾಣಿಸುತ್ತದೆ, ಒಂದನ್ನು ಆರಿಸಬೇಕು. ನಾನು ಮಾತಿಗೆ ಮೊದಲೇ ಆಟವನ್ನು ಉಳಿಸಿಟ್ಟು, ಉತ್ತರ ಕೆಟ್ಟರೆ ಹಿಂದಕ್ಕೆ ಹೋಗಿ ಬೇರೆ ಉತ್ತರ ಕೊಡುವವಳು. ಅತ್ತಿಗೆ ಒಪ್ಪಲೇ ಇಲ್ಲ. ಸೇತುವೆಯ ಕಾವಲಿನವನಿಗೆ ಎಡವಟ್ಟು ಉತ್ತರ ಕೊಟ್ಟು, ಅವನು ಸಿಟ್ಟಾಗಿ ದಾರಿ ಕಟ್ಟಿದಾಗ ನಾನು, "ಹಿಂದೆ ಹೋಗುವ, ಬೇರೆ ಹೇಳುವ" ಎಂದೆ.

"ಹೇಳಿದ್ದು ಹೇಳಿ ಆಯ್ತಲ್ಲ. ಇನ್ನು ಹಿಂದೆ ಹೋಗುದು ಎಂತ?"

"ಇದು ಆಟ!"

"ಆಟ ಆದ್ರೂ ಅಷ್ಟೇ."

ಬಾಯಿ ಬಿಟ್ಟು ಒಂದು ಆಯ್ಕೆ ಹೇಳದ ಹೆಂಗಸಿಗೆ ಇದರಲ್ಲಿ ಇಷ್ಟು ಹಟ! ಆದರೆ ಆ ಹಟ ನನಗೆ ಖುಷಿಯೇ ಆಯಿತು.

ಅಷ್ಟರಲ್ಲಿ ಪರೀಕ್ಷೆಯ ಪೇಪರು ತಿದ್ದಲು ನನಗೆ ಮಂಗಳೂರಿನ ಡ್ಯೂಟಿ ಬಂತು. ದಿನಾ ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಅತ್ತಿಗೆ ಒಬ್ಬರೇ ಆಡತೊಡಗಿದರು. ಅವರ ಇಂಗ್ಲಿಷು ನಿಧಾನ, ಆದರೆ ಅಂಗನವಾಡಿಯ ರಿಪೋರ್ಟು ಬರೆದು ಬರೆದು ಅಭ್ಯಾಸ ಇತ್ತು. ಸಂಜೆ ಮನೆಗೆ ಬಂದರೆ ಚಾ ಕೊಡುತ್ತಾ ವರದಿ ಒಪ್ಪಿಸುತ್ತಿದ್ದರು. ಆಟದಲ್ಲಿ ಟೀಚರಿಗೆ ಜೊತೆಗಾರರು ಸಿಕ್ಕಿದ್ದರು: ಒಬ್ಬ ಕಳ್ಳ, ಒಬ್ಬಳು ವೈದ್ಯೆ, ಒಬ್ಬ ಮಂತ್ರವಾದಿ. ಅವರಿಗೆ ಲೆವೆಲ್ ಏರಿಸುವುದೂ, ಏನೇನು ಕಲಿಸಬೇಕು ಎಂದು ಆರಿಸುವುದೂ ಆಡುವವರ ಕೈಯಲ್ಲೇ.

"ಆ ಮಂತ್ರವಾದಿ ಹುಡುಗ ತುಂಬಾ ಸಪೂರ ಮಾರಾಯ್ತಿ, ಅವನಿಗೆ ಸ್ವಲ್ಪ ಶಕ್ತಿ ಬರುವ ಹಾಗೆ ಮಾಡಿದೆ. ಕಳ್ಳನಿಗೆ ಒಳ್ಳೆ ಚರ್ಮದ ಅಂಗಿ ಕೊಟ್ಟೆ. ಕಳ್ಳ ಆದ್ರೆ ಎಂತಾಯ್ತು, ಚಳಿ ಆಗುದಿಲ್ವಾ?"

ಮನೆಯಲ್ಲಿ ನಗು ಹೆಚ್ಚಿತು. ಗುಂಡ್ಯದಿಂದ ಭಾವನ ಫೋನೂ ಹೆಚ್ಚಿತು. ಮುಂದಿನ ಆದಿತ್ಯವಾರ ಬಂದು ಮಾತು ಮುಗಿಸಿಯೇ ಹೋಗುತ್ತೇನೆ ಎಂದರು. ನಾನು ಅತ್ತಿಗೆಯನ್ನು ನೇರವಾಗಿ ಕೇಳಿದೆ, "ನಿಮಗೆ ಎಲ್ಲಿ ಇರ್ಬೇಕು, ಒಮ್ಮೆ ಹೇಳಿ." ಅವರು ಸೌತೆಕಾಯಿ ಹೆಚ್ಚುತ್ತಾ, "ಅವರಿಬ್ಬರೂ ಮಾತಾಡಿಕೊಂಡು ಹೇಳ್ತಾರಲ್ಲ" ಎಂದರು. ನನಗೆ ಎಷ್ಟು ಸಿಟ್ಟು ಬಂತೆಂದರೆ, ಪಾತ್ರೆ ತೊಳೆಯಲು ಹೋಗಿ ಒಂದು ಗಾಜಿನ ಲೋಟ ಒಡೆದೆ. ನನ್ನ ಗಂಡ ಆಚೆಯಿಂದ, "ಎಂತ ಬಿದ್ದದ್ದು?" ಎಂದರು. "ನಿಮ್ಮ ಮೇಲಿನ ರೂಮು!" ಎಂದೆ.

ಶನಿವಾರ ಪೇಪರಿನ ಕೆಲಸ ಮುಗಿದು ಮಧ್ಯಾಹ್ನವೇ ಮನೆಗೆ ಬಂದೆ. ಅತ್ತಿಗೆ ಕತೆಯ ಒಂದು ದೊಡ್ಡ ಘಟ್ಟಕ್ಕೆ ಬಂದಿದ್ದರು. ಗುಹೆಯೊಳಗೆ ಕಲ್ಲಿನ ಬಾಗಿಲು. ಕಾವಲಿನ ಭೂತವೊಂದು ಹೇಳುತ್ತದೆ: ತಂಡದ ನಾಯಕಿ ಮಾತ್ರ ಒಳಗೆ ಬರಬೇಕು, ಉಳಿದವರು ಹೊರಗೆ. ನಾನು ಕುರ್ಚಿ ಎಳೆದು ಪಕ್ಕದಲ್ಲಿ ಕೂತೆ. ಟೀಚರ್ ಕೊಡಲಿ ಹಿಡಿದು ಒಳಗೆ ಹೋದರು. ಬಾಗಿಲು ಮುಚ್ಚಿತು. ಒಳಗಿದ್ದ ಕಲ್ಲಿನ ರಾಣಿ ಎದ್ದು ಒಂದೇ ಒಂದು ಏಟು ಕೊಟ್ಟಳು. ಟೀಚರ್ ಸತ್ತರು.

"ಇದೆಂತ! ಇಷ್ಟು ದೂರ ಬಂದವರು ಒಂದು ಏಟಿಗೆ ಸಾಯುದಾ?" ಎಂದೆ.

ಸತ್ತರೆ ಆಟ ತಾನಾಗಿ ಬಾಗಿಲ ಹೊರಗೆ ತಂದು ನಿಲ್ಲಿಸುತ್ತದೆ, ಅಲ್ಲಿ ಅತ್ತಿಗೆಯ ಹಟ ನಡೆಯುವುದಿಲ್ಲ. ನಾನು ಮೌಸು ಕಸಿದುಕೊಂಡು ತಂಡದ ವಿವರ ತೆರೆದೆ. ಮಂತ್ರವಾದಿ ಐದನೇ ಲೆವೆಲ್. ವೈದ್ಯೆ ಐದು. ಕಳ್ಳ ಐದು, ಮೈಮೇಲೆ ರಾಜಕುಮಾರನ ಅಂಗಿ. ಟೀಚರ್ ಒಂದು. ಹುಟ್ಟಿದಾಗ ಇದ್ದ ಹರಕು ಬಟ್ಟೆಯಲ್ಲೇ ಇದ್ದರು. ಅವರ ಚಿತ್ರದ ಮೂಲೆಯಲ್ಲಿ ಚಿನ್ನದ ಬಣ್ಣದ ಒಂದು ಗುರುತು ಮಿಣಿಮಿಣಿ ಹೊಳೆಯುತ್ತಿತ್ತು. ಲೆವೆಲ್ ಏರಲು ಅನುಭವ ಎಲ್ಲ ಸೇರಿದೆ, ಒಮ್ಮೆ ಒತ್ತಿ ಏನು ಬೇಕೆಂದು ಆರಿಸಿದರೆ ಸಾಕು ಎಂಬ ಗುರುತು ಅದು.

"ಅತ್ತಿಗೆ, ಇದನ್ನು ಯಾಕೆ ಒತ್ತಲಿಲ್ಲ?"

"ಒತ್ತುವ ಅಂತ ಇದ್ದೆ. ಅವರದ್ದೆಲ್ಲ ಮೊದಲು ಆಗ್ಲಿ ಅಂತ."

"ಆಯ್ತಲ್ಲ ಅವರದ್ದು!"

"ಆಗುವಾಗ ಅವರಿಗೆ ಇನ್ನೊಂದು ಬರ್ತದೆ. ಮತ್ತೆ ಅವರದ್ದು ಮಾಡುದು. ಹಾಗೆ ನನ್ನದು ಹಿಂದೆ ಉಳೀತು."

"ಹಾಗಾದ್ರೆ ಇಷ್ಟು ದಿನ ಬದುಕಿದ್ದು ಹೇಗೆ?"

"ನಾನು ಹಿಂದೆ ನಿಂತು ಎಲ್ಲರಿಗೂ ಮದ್ದು ಕುಡಿಸ್ತಿದ್ದೆ."

ನಮ್ಮ ಮನೆಯಲ್ಲಿ, ಅತ್ತಿಗೆ ಹಬ್ಬಕ್ಕೆ ಬಂದಾಗಲೂ, ಯಾವತ್ತೂ ಗಂಡಸರು ಮೊದಲು ಕೂರುವುದು, ಮಕ್ಕಳು ಕೂರುವುದು, ಬಂದವರು ಕೂರುವುದು. ಬಡಿಸುವುದು ಅತ್ತಿಗೆ. ಎಲ್ಲರೂ ಕೈ ತೊಳೆದ ಮೇಲೆ ಅಡುಗೆಮನೆಯಲ್ಲಿ, ತಳದಲ್ಲಿ ಉಳಿದ ಸಾರಿಗೆ ಅನ್ನ ಕಲಸಿ ಉಣ್ಣುವುದೂ ಅತ್ತಿಗೆ. ಅಂಗನವಾಡಿಯಲ್ಲಿಯೂ ಹಾಗೆಯೇ ಇದ್ದಿರಬೇಕು. ಕಂಪ್ಯೂಟರಿನೊಳಗೆ ಕೂಡ, ಯಾರೂ ನೋಡದ ಕಡೆ, ಕೊಡಲಿ ಹಿಡಿದುಕೊಂಡೂ ಅದನ್ನೇ ಮಾಡಿದ್ದರು! ನನಗೆ ನಗು ಬಂತು, ಹಿಂದೆಯೇ ಕಣ್ಣಲ್ಲಿ ನೀರೂ ಬಂತು. ಎರಡನ್ನೂ ಮುಚ್ಚಲು ಬೊಬ್ಬೆ ಹಾಕಿದೆ:

"ಈ ಬಾಗಿಲೊಳಗೆ ನಿಮ್ಮ ಒಟ್ಟಿಗೆ ಯಾರೂ ಬರುದಿಲ್ಲ, ಗೊತ್ತಾಯ್ತಾ? ನೀವು ಸಾಕಿದ ಒಬ್ಬನೂ ಬರುದಿಲ್ಲ. ಈಗ ಒತ್ತಿ. ನಾನು ಒಂದು ಮಾತೂ ಹೇಳುದಿಲ್ಲ. ಎಂತ ಬೇಕೋ ನೀವೇ ತಕೊಳ್ಳಿ."

ಅತ್ತಿಗೆ ಒತ್ತಿದರು. ಆಟ ಕೇಳಿತು: ನಿನಗೆ ಏನು ಬೇಕು? ಅವರು ಅಭ್ಯಾಸದಂತೆ ನನ್ನ ಕಡೆ ನೋಡಿದರು. ನಾನು ಕಿಟಕಿಯ ಹೊರಗೆ ಪಕ್ಕದ ಮನೆಯವರ ನಾಯಿಯನ್ನು ನೋಡುತ್ತಾ ಕೂತೆ. ಹೇಳಬೇಕೆಂದು ನನ್ನ ನಾಲಗೆ ತುರಿಸುತ್ತಿತ್ತು. ಮೊದಲು ತೋಳಿನ ಬಲ ತೆಗೆದುಕೊಳ್ಳಬೇಕು, ಅದು ಲೆಕ್ಕಾಚಾರ. ಹೇಳಲಿಲ್ಲ. ತುಂಬಾ ಹೊತ್ತು ಆದ ಮೇಲೆ ಮೌಸಿನ ಟಕ್ ಕೇಳಿತು.

"ಎಂತ ತಕೊಂಡ್ರಿ?"

"ಗದರಿಸುದು."

"ಹಾಂ?"

"ಇಷ್ಟು ವರ್ಷ ಮಕ್ಕಳಿಗೆ ಒಮ್ಮೆಯೂ ಗದರಿಸ್ಲಿಲ್ಲ. ಅದು ಹೇಗಿರ್ತದೆ ಅಂತ ಒಮ್ಮೆ ನೋಡುವ."

ಮುಂದಿನದಕ್ಕೆ ಅಷ್ಟು ಹೊತ್ತು ಬೇಕಾಗಲಿಲ್ಲ. ಅದರ ಮುಂದಿನದಕ್ಕೆ ಇನ್ನೂ ಕಡಿಮೆ. ಬಲ ತೆಗೆದುಕೊಂಡರು, ಕತ್ತಲಲ್ಲಿ ಕಣ್ಣು ಕಾಣುವ ವಿದ್ಯೆ ತೆಗೆದುಕೊಂಡರು. ಕಳ್ಳನಿಂದ ಆ ಚರ್ಮದ ಅಂಗಿಯನ್ನು ವಾಪಸು ತೆಗೆದುಕೊಂಡು ತಾವೇ ಹಾಕಿಕೊಂಡರು. "ಅವನಿಗೆ ಬೇರೆ ಉಂಟು" ಎಂದರು, ಯಾರೋ ಕೇಳಿದ ಹಾಗೆ. ಚಾ ಮಾಡಬೇಕೆಂಬುದು ಆ ಸಂಜೆ ಅವರಿಗೆ ನೆನಪೇ ಆಗಲಿಲ್ಲ. ನಾನೇ ಮಾಡಿ ಕೊಟ್ಟೆ, ನೋಡದೆ ಕುಡಿದರು. ಕಲ್ಲಿನ ರಾಣಿಯ ಮುಂದೆ ಹೋಗಿ ನಾಲ್ಕು ಉತ್ತರಗಳಲ್ಲಿ ಗದರಿಸುವುದನ್ನೇ ಆರಿಸಿದರು. ದಾಳ ಉರುಳಿತು. ಇಪ್ಪತ್ತು ಬೀಳಲಿಲ್ಲ, ಆದರೆ ಸಾಕಾಗುವಷ್ಟು ಬಿತ್ತು. ರಾಣಿ ಪಕ್ಕಕ್ಕೆ ಸರಿದಳು. ಅತ್ತಿಗೆ ಕುರ್ಚಿಯಲ್ಲಿ ನೆಟ್ಟಗಾಗಿ, "ಹಾಗೆ ಬಾ ದಾರಿಗೆ" ಎಂದರು.

ಆದಿತ್ಯವಾರ ಭಾವ ಬಂದರು. ಕೋರಿ ರೊಟ್ಟಿ ಮಾಡಿದ್ದೆವು. ತೆಂಗಿನ ಹಾಲು ಹಾಕಿದ ಕೋಳಿ ಸಾರು ಅತ್ತಿಗೆಯದು, ರೊಟ್ಟಿ ಅಂಗಡಿಯದು. ಅಣ್ಣ ತಮ್ಮ ಜಗಲಿಯಲ್ಲಿ ಕೂತು ಗುಂಡ್ಯವೋ ಪುತ್ತೂರೋ ಎಂದು ವಾದ ಶುರುಮಾಡಿದ್ದರು. ಕೊನೆಗೆ ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಎಂದು ರಾಜಿಯಾದರು. ಆಸ್ತಿ ಪಾಲು ಮಾಡಿದ ಹಾಗೆ! ಇಬ್ಬರ ಮುಖದಲ್ಲೂ ಸಂತೋಷ. ಊಟಕ್ಕೆ ಕರೆದೆ.

ಅವರು ಒಳಗೆ ಬರುವ ಹೊತ್ತಿಗೆ ಅತ್ತಿಗೆ ಕೈ ತೊಳೆದು ಮೇಜಿನ ಮುಂದೆ ಕೂತಾಗಿತ್ತು. ತಟ್ಟೆ ಮುಂದಿತ್ತು.

"ಬಡಿಸು ಮಾರಾಯ್ತಿ, ಹಸಿವಾಗ್ತದೆ."

ನಾನು ರೊಟ್ಟಿ ಮುರಿದು ಹಾಕಿದೆ, ಮೇಲೆ ಸಾರು ಹಾಕಿದೆ. ತಮ್ಮಂದಿರಿಬ್ಬರೂ ಎಲ್ಲಿ ಕೂರುವುದು ಎಂದು ತಿಳಿಯದೆ ಬಾಗಿಲ ಹತ್ತಿರ ನಿಂತಿದ್ದರು. ಅತ್ತಿಗೆ ಪಾತ್ರೆಯ ಕಡೆ ಕೈ ತೋರಿಸಿ, "ಕಾಲಿನ ತುಂಡು ಉಂಟಲ್ಲ, ಅದು ನನಗೆ" ಎಂದರು. ಮದುವೆಯಾಗಿ ಬಂದ ಲಾಗಾಯ್ತಿನಿಂದ ನಾನು ನೋಡಿದ್ದೇನೆ, ಈ ಮನೆತನದಲ್ಲಿ ಕೋಳಿಯ ಕಾಲು ಎರಡೂ ತಮ್ಮಂದಿರ ತಟ್ಟೆಗೇ ಹೋಗುವುದು. ಬಡಿಸಿದೆ.

"ಅಕ್ಕ, ನಾವು ಮಾತಾಡಿದೆವು," ಭಾವ ಗಂಟಲು ಸರಿ ಮಾಡಿಕೊಂಡರು. "ಆರು ತಿಂಗಳು..."

"ನಾನು ಆಲೆಟ್ಟಿಗೆ ಹೋಗ್ತೇನೆ."

"ಆಲೆಟ್ಟಿಯಲ್ಲಿ ಎಂತ ಉಂಟು? ಮನೆ ಬಿಟ್ಟು ಆಯ್ತಲ್ಲ."

"ಮನೆ ಬಿಡ್ಲಿಲ್ಲ ನಾನು. ಬೀಗದ ಕೈ ನನ್ನ ಹತ್ತಿರವೇ ಉಂಟು. ನೀವು ಕರೆದ್ರಿ ಅಂತ ಒಂದು ಚೀಲ ಹಿಡ್ಕೊಂಡು ಬಂದದ್ದು."

ನನ್ನ ಗಂಡ ಮೆಲ್ಲಗೆ ಕೇಳಿದರು, "ಮತ್ತೆ ಮೊದಲೇ ಯಾಕೆ ಹೇಳ್ಲಿಲ್ಲ ಅಕ್ಕ?"

"ನೀವು ಗುಂಡ್ಯಕ್ಕಾ ಪುತ್ತೂರಿಗಾ ಅಂತ ಕೇಳಿದ್ರಿ. ನಾನು ಎರಡೂ ಕಡೆ ಇರಬಲ್ಲೆ. ಇವಳೊಬ್ಬಳು ನಿಮಗೆ ಎಲ್ಲಿ ಬೇಕು ಅಂತ ಕೇಳಿದ್ಲು, ಇವಳಿಗೆ ಹೇಳುವ ಧೈರ್ಯ ನನಗೆ ಬರ್ಲಿಲ್ಲ. ಈಗ ಹೇಳ್ತಿದ್ದೇನೆ. ನನಗೆ ನನ್ನ ಮನೆ ಬೇಕು. ಬೇಕಾದಾಗ ಬಾಗಿಲು ಹಾಕಿಕೊಳ್ಬೇಕು, ಬೇಕಾದಾಗ ತೆಗೀಬೇಕು."

ಭಾವನ ಮುಖ ಬಾಡಿತು. ದೊಡ್ಡ ಮೀಸೆಯ ಗಂಡಸು, ಆದರೆ ಕಣ್ಣು ತುಂಬಿ ಬಂತು. "ಅಂದ್ರೆ ನಾವು ನಿನಗೆ ಬೇಡ ಆದೆವು" ಎಂದರು. ಇಲ್ಲಿಗೆ ಮುಗಿಯಿತು, ಇನ್ನು ಈ ಹೆಂಗಸು ಕರಗಿ ಹೋಗಿ "ನಿಮ್ಮ ಇಷ್ಟ" ಎನ್ನುತ್ತಾರೆ ಎಂದುಕೊಂಡೆ. ಅತ್ತಿಗೆಯ ಕೈ ತಟ್ಟೆಯಲ್ಲೇ ನಿಂತಿತು. ತಮ್ಮನ ಮುಖವನ್ನೇ ನೋಡಿದರು. ಅವರ ಕಣ್ಣಲ್ಲಿಯೂ ನೀರಿತ್ತು.

"ಬೇಡ ಅಂತ ಯಾರು ಹೇಳಿದ್ದು? ವಾರಕ್ಕೊಮ್ಮೆ ಬಾ. ಬಂದು ಉಂಡು ಹೋಗು. ಆದ್ರೆ ಹೇಳಿದ್ದು ಹೇಳಿ ಆಯ್ತು, ಇನ್ನು ಹಿಂದೆ ಹೋಗುದಿಲ್ಲ." ಆಮೇಲೆ ಒಂದು ಗದರು ಗದರಿದರು: "ನಿಂತುಕೊಂಡು ಎಂತ ನೋಡುದು ಇಬ್ಬರೂ? ತಟ್ಟೆ ತಕೊಳ್ಳಿ, ಹಾಕಿಕೊಳ್ಳಿ! ಸಾರು ತಣೀತದೆ!"

ಇಬ್ಬರೂ ಓಡಿ ಹೋಗಿ ತಟ್ಟೆ ತಂದರು. ನನ್ನ ಗಂಡ ಸೌಟು ಹಿಡಿದ ಚಂದಕ್ಕೆ ಅರ್ಧ ಸಾರು ಮೇಜಿನ ಮೇಲೆ. ಭಾವ ಮೂಗು ಒರೆಸಿಕೊಳ್ಳುತ್ತಾ ನಗತೊಡಗಿದರು. ನಾನು ಖುಷಿಯಿಂದ ಕುಣಿಯುವುದೊಂದು ಬಾಕಿ. ಆಗ ಅತ್ತಿಗೆ ಮೂಳೆ ಚೀಪುತ್ತಾ ನನ್ನ ಕಡೆ ತಿರುಗಿದರು.

"ಮತ್ತೆ, ಆ ಕಂಪ್ಯೂಟರು ನನಗೆ ಬೇಕು."

ನನ್ನ ಕುಣಿತ ಅಲ್ಲೇ ನಿಂತಿತು. ಅದರೊಳಗೆ ನನ್ನ ಅಷ್ಟು ವರ್ಷದ ಆಟ ಇದೆ, ನಾನು ಸಾಕಿ ಬೆಳೆಸಿದ ಪಾತ್ರಗಳಿವೆ. ಆದರೆ ಏನು ಬೇಕೋ ನೀವೇ ತೆಗೆದುಕೊಳ್ಳಿ ಎಂದು ಬೊಬ್ಬೆ ಹಾಕಿದವಳು ನಾನೇ. ಕೊಟ್ಟೆ. ಒಂದು ವಾರ ಮನೆಯಲ್ಲಿ ಯಾರೂ ನನ್ನ ಹತ್ತಿರ ಸುಳಿಯಲಿಲ್ಲ.

ದಸರಾ ರಜೆಯಲ್ಲಿ ಆಲೆಟ್ಟಿಗೆ ಹೋದೆ. ಪುತ್ತೂರಿನಿಂದ ಸುಳ್ಯದ ಬಸ್ಸು, ಅಲ್ಲಿಂದ ರಿಕ್ಷಾ. ಮಧ್ಯಾಹ್ನ ದಾಟಿತ್ತು. ಅತ್ತಿಗೆಯ ಮನೆಯ ಬಾಗಿಲು ಹಾಕಿತ್ತು. ಬಡಿದೆ. ಒಳಗಿಂದ "ಒಂದು ನಿಮಿಷ ನಿಲ್ಲು, ಇಲ್ಲಿ ಒಬ್ಬನಿಗೆ ಉತ್ತರ ಕೊಡ್ಲಿಕ್ಕುಂಟು" ಎಂದು ಕೇಳಿಸಿತು. ಅಂಗಳದಲ್ಲಿ ಬಿಸಿಲಿಗೆ ನಿಂತೆ. ಬೇರೆ ಯಾರಾದರೂ ನನ್ನನ್ನು ಹಾಗೆ ನಿಲ್ಲಿಸಿದ್ದರೆ ಊರು ಒಂದು ಮಾಡುತ್ತಿದ್ದೆ. ಕೊನೆಗೆ ಬಾಗಿಲು ತೆರೆಯಿತು. ಅತ್ತಿಗೆಯ ಕನ್ನಡಕ ತಲೆಯ ಮೇಲಿತ್ತು, ಸೀರೆ ಅವರೇ ಆರಿಸಿದ ಹಾಗಿತ್ತು, ಒಳ್ಳೆಯ ಕೆಂಪು. ಬೆಲ್ಲ, ನೀರು ಕೊಟ್ಟು, ನನ್ನ ಚೀಲ ತೆಗೆದಿಟ್ಟು, ಮತ್ತೆ ಕುರ್ಚಿಗೆ ಹೋಗಿ ಕೂತರು.

"ಅಡುಗೆ ಅಲ್ಲಿ ಉಂಟು, ಬೇಕಾದಷ್ಟು ಹಾಕಿಕೋ," ಎಂದರು ಪರದೆಯಿಂದ ಕಣ್ಣು ತೆಗೆಯದೆ. "ನಂದು ಊಟ ಆಯ್ತು."